ಸುಣ್ಣದ ಕೈಗುರುತು

ಮೊದಲು ನಡುಗುವುದು ಗೋಡೆಗೆ ತೂಗುಹಾಕಿದ ನೀಲಿ ತಟ್ಟೆ, ಸದ್ದು ಆಮೇಲೆ, ಬೆಟ್ಟದ ತಿರುವಿನಾಚೆ ಯಾವುದೋ ಕಾರು ಗೇರು ಇಳಿಸಿತು ಅನ್ನುವುದು ನುನ್ಸಿಯಾಳ ಕಿವಿಗಿಂತ ಮುಂಚೆ ಆ ತಟ್ಟೆಗೇ ಗೊತ್ತಾಗುತ್ತದೆ, ಇಗೋ ಬಂತು, ಹೋಯಿತು, ಕಿಟಕಿಯ ಕದದ ಸೀಳಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಪಟ್ಟೆ ಒಮ್ಮೆ ಕಡಿದು ಮತ್ತೆ ಕೂಡಿಕೊಂಡಿತು, ಕೆಂಪೋ ಬೆಳ್ಳಿಯ ಬಣ್ಣವೋ, ನೋಡಬಾರದು ಅಂದುಕೊಂಡಿದ್ದಾಳೆ, ನೋಡುವುದಿಲ್ಲ, ಆದರೆ ಮೂಗನ್ನು ಏನು ಮಾಡುವುದು, ಇಂಜಿನ್ನಿನಲ್ಲಿ ಸುಟ್ಟ ಹರಳೆಣ್ಣೆಯ ವಾಸನೆ ಕದ ಮುಚ್ಚಿದ್ದರೂ ಒಳಗೆ ನುಗ್ಗಿ ಹಾಸಿಗೆ, ಪರದೆ, ತಲೆಗೂದಲು ಎಲ್ಲಕ್ಕೂ ಹತ್ತಿಕೊಳ್ಳುತ್ತದೆ, ಗಂಡ ಲಿಬೋರಿಯೊನ ಅಂಗಿಯ ಕೊರಳಪಟ್ಟಿಯಲ್ಲಿ ಇರುತ್ತಿದ್ದ ವಾಸನೆ, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಆಗ ಗೊಣಗುತ್ತಿದ್ದಳು, ಈಗ ಒಗೆಯುವುದಕ್ಕೆ ಆ ಅಂಗಿಯೇ ಇಲ್ಲ, ಅದನ್ನು ಹಾಕಿಯೇ ಮಣ್ಣು ಮಾಡಿದರು. ಚಿಕ್ಕಮ್ಮ ಜಾಚಿಂತಾ ಜೊತೆ ಇಷ್ಟು ಹೊತ್ತಿಗೆ ಅವಳು ಚರ್ಚಿನಲ್ಲಿ ಇರಬೇಕಿತ್ತು, ಕಾರಿನ ಓಟಕ್ಕೆ ರಸ್ತೆ ಮುಚ್ಚುವ ಮೊದಲೇ, ಇನ್ನೂ ನಸುಕಿರುವಾಗಲೇ ಚಿಕ್ಕಮ್ಮ ಬಂದು ಕರೆದಿದ್ದಳು, ನಡಿಯೇ, ಈ ಹಾಳು ಸದ್ದು ಆ ಕಡೆ ಅಷ್ಟು ಕೇಳಿಸಲ್ಲ ಅಂದಿದ್ದಳು, ನುನ್ಸಿಯಾ ಕರಿ ಶಾಲು ಹೊದ್ದು ಹೊಸ್ತಿಲವರೆಗೂ ಹೋದಳು, ನೀನು ನಡೀತಿರು ಬಂದೆ ಅಂದಳು, ಹೋಗಲಿಲ್ಲ, ಮೆಟ್ಟಿಲು ಹತ್ತಿ ವಾಪಸು ಬಂದು ಮಂಚದ ಮೇಲೆ ಕೂತಳು, ಅಷ್ಟರಲ್ಲಿ ಪೊಲೀಸರು ಬಂದು ಹಗ್ಗ ಕಟ್ಟಿದರು, ಇನ್ನು ಸಂಜೆಯವರೆಗೆ ರಸ್ತೆಯ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ, ಹೆರಿಗೆ ನೋವು ಬಂದರೂ ದಾಟುವ ಹಾಗಿಲ್ಲ. ಕೆಳಗೆ ಅಪ್ಪ ಇದ್ದಾನೆ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಮಗಳು ಚರ್ಚಿಗೆ ಹೋದಳು ಅಂದುಕೊಂಡು, ಕೈ ಎರಡೂ ಜೇಬಿನಲ್ಲಿಟ್ಟು ಕೂತಿದ್ದಾನೆ, ವರ್ಷದಿಂದ ಅವನ ಕೈ ಜೇಬಿನಲ್ಲೇ, ಊಟಕ್ಕೆ ಕೂತಾಗ ಮಾತ್ರ ಆಚೆ ಬರುತ್ತವೆ, ಆಗ ಇವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಒಂದೇ ಸೂರಿನಡಿ ಮಾತು ಬಿಟ್ಟು ವರ್ಷವಾಯಿತು. ಗಂಟು ಕಟ್ಟಿ ಮಂಚದ ಕೆಳಗೆ ಇಟ್ಟಿದ್ದಾಳೆ, ನಾಳೆ ರಸ್ತೆ ತೆರೆದು ಮೊದಲ ಬಸ್ಸು ಬರುತ್ತದಲ್ಲ, ಅದರಲ್ಲಿ ಪಲೆರ್ಮೊಗೆ ಹೋಗಿಬಿಡುವುದು, ನಾದಿನಿಯ ಮನೆಗೆ, ಮತ್ತೆ ಅಪ್ಪನ ಮುಖ ನೋಡಬಾರದು, ಅವನು ಸತ್ತರೂ ಬರಬಾರದು, ಹಾಗೆ ತೀರ್ಮಾನಿಸಿಕೊಂಡು ಬಿಟ್ಟಿದ್ದಾಳೆ. ಮತ್ತೆ ತಟ್ಟೆ ನಡುಗಿತು.

ಈ ಓಟ ಇಲ್ಲದ ಕಾಲ ಅವಳಿಗೆ ಗೊತ್ತಿಲ್ಲ, ಅಜ್ಜಿಗೆ ಗೊತ್ತಿತ್ತು, ಅಜ್ಜಿ ಹೇಳುತ್ತಿದ್ದಳು, ಆಗ ನಮ್ಮ ರೊಕ್ಕಾಮೆಲೆಗೆ ಹೇಸರಗತ್ತೆ ಬರುವ ದಾರಿ ಬಿಟ್ಟರೆ ಬೇರೆ ದಾರಿ ಎಲ್ಲಿತ್ತು, ಪಲೆರ್ಮೊದ ಶ್ರೀಮಂತನೊಬ್ಬನಿಗೆ ಹೊತ್ತು ಹೋಗದೆ ಬೆಟ್ಟದ ಸುತ್ತ ಕಾರು ಓಡಿಸಬೇಕು ಅನ್ನಿಸಿತಂತೆ, ತಲೆ ಕೆಟ್ಟವನು ಅಂದರಂತೆ ಎಲ್ಲರೂ, ಕುರಿ ಕಾಯುವವರು ಹಾದಿಯ ಕಲ್ಲು ಉರುಳಿಸಿ ದಾರಿ ಬಿಡಿಸಿದರು, ಮೊದಲ ಕಾರು ಬಂದಾಗ ಅಜ್ಜಿ ಹಟ್ಟಿಯಲ್ಲಿ ಮೇಕೆಗಳ ಜೊತೆ ಬಾಗಿಲು ಹಾಕಿಕೊಂಡು ಕೂತು ಎದೆಯ ಮೇಲೆ ಶಿಲುಬೆ ಬರೆದುಕೊಂಡಳಂತೆ, ಸೀಳಿನಿಂದ ನೋಡಿದರೆ ದೆವ್ವವಲ್ಲ, ಮೈಯೆಲ್ಲ ಧೂಳಾದ ಇಬ್ಬರು ಗಂಡಸರು, ಒಬ್ಬ ಓಡಿಸುವವನು, ಪಕ್ಕದಲ್ಲಿ ರಿಪೇರಿಯವನು, ಬಾಯಿ ತುಂಬ ಹಲ್ಲು ಬಿಟ್ಟು ನಗುತ್ತಿದ್ದರು, ಅಷ್ಟೇ, ಮುಂದಿನ ವರ್ಷ ಅಜ್ಜಿಯೇ ರಸ್ತೆಗೆ ಬಂದು ನಿಂತಳು, ಯುದ್ಧ ಬಂತು, ಓಟ ನಿಂತಿತು, ಮತ್ತೆ ಶುರುವಾಯಿತು, ಇನ್ನೊಂದು ಯುದ್ಧ ಬಂತು, ಮತ್ತೆ ನಿಂತು ಮತ್ತೆ ಶುರುವಾಯಿತು, ಕಾರು ಓಡಿಸಲು ಜರ್ಮನಿಯವರು ಬಂದರು, ಇಂಗ್ಲಿಷಿನವರು ಬಂದರು, ಅವರ ಹಿಂದೆ ಲಾರಿ ತುಂಬ ಸಾಮಾನು, ಬಿಳಿ ಕೋಟಿನ ಇಂಜಿನಿಯರುಗಳು, ಆದರೂ ಬೆಟ್ಟ ಅದೇ, ತಿರುವು ಅವೇ, ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಬೆಟ್ಟವನ್ನು ಸುತ್ತಬೇಕು, ಒಂದು ಕಾರಿಗೆ ಇಬ್ಬರು ಸರದಿಯ ಮೇಲೆ ಕೂರಬೇಕು, ಅರ್ಧಕ್ಕರ್ಧ ಕಾರು ಹಳ್ಳದಲ್ಲೋ ಗೋಡೆಯಲ್ಲೋ ಉಳಿದುಬಿಡುತ್ತವೆ. ಹಳ್ಳಕ್ಕೆ ಬಿದ್ದರೆ ನಾವಿದ್ದೇವಲ್ಲ, ಊರಿನವರು ಎದೆಯುಬ್ಬಿಸಿ ಹೇಳುವ ಮಾತು ಅದೊಂದೇ, ಯಾರದೇ ಕಾರಾಗಲಿ, ಯಾವ ದೇಶದವನೇ ಆಗಲಿ, ನಮ್ಮ ಊರಿನಲ್ಲಿ ಬಿದ್ದ ಕಾರು ನಮ್ಮ ಊರಿನಲ್ಲಿ ಉಳಿಯಬಾರದು, ಬ್ರೆಡ್ಡು ತಿನ್ನುತ್ತಿದ್ದವರು ಬ್ರೆಡ್ಡು ಬಾಯಲ್ಲೇ ಕಚ್ಚಿಕೊಂಡು ಓಡಿ ಹೋಗಿ ಎತ್ತಿ ರಸ್ತೆಗೆ ಇಟ್ಟು ಬೆನ್ನಿಗೆ ಕೈ ಕೊಟ್ಟು ತಳ್ಳಿಬಿಡುತ್ತಾರೆ, ಮುಂದಿನೂರಿನವರಿಗೆ ಆ ಪುಣ್ಯ ಹೋಗಬಾರದು ಅನ್ನುವ ಹಟ ಬೇರೆ. ಕ್ಷೌರದಂಗಡಿಯ ಮೆಲೊ ಪ್ರತಿ ಸಲವೂ ಬಿದ್ದವನ ಹತ್ತಿರ ಬಗ್ಗಿ, ಏನ್ ಸ್ವಾಮಿ, ಹೊಲ ಉಳೋಕೆ ಬಂದ್ರಾ ಅಂತ ಕೇಳದೆ ಕೈ ಹಚ್ಚುವವನಲ್ಲ. ಅವಳೂ ನಗುತ್ತಿದ್ದಳು, ಹುಡುಗಿಯಾಗಿದ್ದಾಗ ಇದೇ ಕಿಟಕಿಯಿಂದ ಬಗ್ಗಿ ನೋಡಿ, ಬೀಳಲಿ ಯಾರಾದರೂ ಅಂತ ಕಾದಿದ್ದೂ ಉಂಟು, ಛೀ.

ಮತ್ತು ಸುಣ್ಣ. ಓಟದ ಹಿಂದಿನ ದಿನ ಗಂಡಸರೆಲ್ಲ ಬಕೇಟು ಹಿಡಿದು ಹೊರಡುತ್ತಾರೆ, ತಮಗೆ ಬೇಕಾದವನ ಹೆಸರು ಗೋಡೆಯ ಮೇಲೆ, ಸೇತುವೆಯ ಮೇಲೆ, ರಸ್ತೆಯ ಮೇಲೆ ಆಳೆತ್ತರ ಬರೆಯುತ್ತಾರೆ, ದೊಡ್ಡ ದೊಡ್ಡ ಹೆಸರುಗಳು, ಹೋದ ವರ್ಷ ಮೊದಲ ಸಲ ನಮ್ಮವನ ಹೆಸರು, ಲಿಬೋರಿಯೊ, ಬಸ್ಸಿನ ಲಿಬೋರಿಯೊ. ಹನ್ನೆರಡು ಹಳ್ಳಿಗೆ ಬಸ್ಸು ಓಡಿಸುತ್ತಿದ್ದವನು, ತಿರುವುಗಳನ್ನು ಅವನು ಜನರಿಂದ ನೆನಪಿಟ್ಟಿದ್ದ, ಇದು ಕೋಳಿ ತರುವ ಮುದುಕಿ ಹತ್ತುವ ತಿರುವು, ಇದು ಪಾದ್ರಿ ಟಿಕೆಟ್ಟು ತೆಗೆಯದೆ ಇಳಿಯುವ ತಿರುವು, ಜರ್ಮನಿಯವರಿಗೆ ಇದೆಲ್ಲ ಗೊತ್ತಾ ಹೇಳು ಅನ್ನುತ್ತಿದ್ದ, ಸೋದರ ಸಂಬಂಧಿ ಸಾರೊ ಜೊತೆ ಸೇರಿ ಯಾರೋ ಬೇಡವೆಂದು ಬಿಟ್ಟ ಕೆಂಪು ಕಾರನ್ನು ತಂದು ಚಳಿಗಾಲವಿಡೀ ಬಿಚ್ಚಿ ಜೋಡಿಸಿ ಬಿಚ್ಚಿ ಜೋಡಿಸಿ, ಮಂಚದ ಕೆಳಗೆ ಸ್ಪ್ಯಾನರು, ಅಡುಗೆಮನೆಯಲ್ಲಿ ಪಿಸ್ಟನ್ನು, ಅಪ್ಪ ಗೊಣಗಿದ, ಗಾರೆ ಕೆಲಸದವನು ಅಪ್ಪ, ಊರಿಗೆಲ್ಲ ಮಾಸ್ತ್ರೊ ಬಿಯಾಜೊ, ಕಲ್ಲಿನ ಕೆಳಗೆ ಬಲಗೈಯ ತೋರುಬೆರಳು ಕಳೆದುಕೊಂಡವನು, ಕಲ್ಲಿಗೇ ಕರುಣೆ ಇಲ್ಲ, ಕಬ್ಬಿಣಕ್ಕೆ ಇರುತ್ತಾ ಅಂದ, ಆದರೂ ಓಟದ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಎದುರಿನ ಗೋಡೆಯ ಮೇಲೆ ಅಳಿಯನ ಹೆಸರನ್ನು ಎರಡನೇ ಸಲ ದಪ್ಪಗೆ ತೀಡುತ್ತಿದ್ದವನು ಅವನೇ, ಇವಳು ಸಾರೊ ಜೊತೆ ಇನ್ನೊಂದು ಕಾರಿನಲ್ಲಿ, ಲಿಬೋರಿಯೊನ ಕೆಂಪು ಕಾರಿನ ಹಿಂದೆ, ಹೊರಡುವಾಗ ಕುಂಚ ಎತ್ತಿ ತೋರಿಸಿದ, ಮೊಣಕೈವರೆಗೂ ಬಿಳಿ. ಅವಳು ಕೆಳಗೆ ಸಮುದ್ರದ ಕಡೆ, ಕಾರುಗಳು ನಿಲ್ಲುವ ಜಾಗದಲ್ಲಿ ಇದ್ದಳು, ಓಡಿಸುವವರ ಹೆಂಡತಿಯರು ಅಲ್ಲಿ ಸಾಲಾಗಿ ಕೂತು ಕೊರಳಿಗೆ ಗಡಿಯಾರ ಹಾಕಿಕೊಂಡು ಸುತ್ತು ಎಣಿಸುವುದು ರೂಢಿ, ಒಂದು ಪಕ್ಕದಲ್ಲಿ ಕಪ್ಪು ಕನ್ನಡಕದ ಇಂಗ್ಲಿಷ್ ಹೆಂಗಸು, ಇನ್ನೊಂದು ಪಕ್ಕ ಮಿಲಾನೊದವಳು, ಅವರ ನಡುವೆ ಬಸ್ ಡ್ರೈವರನ ಹೆಂಡತಿ, ಎಷ್ಟು ಜಂಬ ಅವಳಿಗೆ ಆವತ್ತು, ಹೊಸ ಕುಪ್ಪಸ ಹಾಕಿದ್ದಳು, ಎಣ್ಣೆಯಲ್ಲಿ ಕರಿದ ಪಲ್ಲೆಹೂವಿನ ಎಳೆ ಮೊಗ್ಗು ಕಾಗದದಲ್ಲಿ ಸುತ್ತಿ ತಂದಿದ್ದಳು, ಆ ಮೊಗ್ಗು ಅಂದರೆ ಲಿಬೋರಿಯೊಗೆ ಪ್ರಾಣ, ಒಂದನ್ನು ಬಾಯಿಗೆ ಹಾಕಿಕೊಂಡೇ ಅವನು ಸೀಟಿನಲ್ಲಿ ಕೂತ, ಆಗ ಅವಳು ಹೇಳಿದ್ದು, ತಮಾಷೆಗೆ ಹೇಳಿದ್ದು, ತಡ ಮಾಡ್ಕೊಂಡು ಬಂದ್ರೆ ಸೀಟು ಸಾರೊಗೆ ಕೊಟ್ಬಿಡ್ತೀನಿ, ಮತ್ತೆ ನಿಂಗೆ ಬಸ್ಸೇ ಗತಿ, ಅವನ ಬಾಯಿ ತುಂಬಿತ್ತು, ಕಣ್ಣಲ್ಲೇ ನಕ್ಕ, ಹೋದ. ಮೊದಲ ಸುತ್ತು ಬಂದ, ಎರಡನೆಯದು ಬಂದ, ಮೂರನೆಯದಕ್ಕೆ ಬರಲಿಲ್ಲ, ಟೆಲಿಫೋನು ಬಂತು, ರೊಕ್ಕಾಮೆಲೆಯಲ್ಲಿ ಹಳ್ಳಕ್ಕೆ ಇಳಿದಿದ್ದಾನೆ, ಏನೂ ಆಗಿಲ್ಲ, ಊರಿನವರೇ ಎತ್ತಿ ಕಳಿಸಿದರು, ಹೊರಟ. ಎಲ್ಲರೂ ನಕ್ಕರು, ಸ್ವಂತ ಊರಿನಲ್ಲೇ ಬಿದ್ದನಾ, ಮಾವನ ಮನೆ ಮುಂದೆಯೇ ಬಿದ್ದನಾ ಅಂತ ಸಾರೊ ಹೊಟ್ಟೆ ಹಿಡಿದುಕೊಂಡು ನಕ್ಕ, ಅವಳೂ ನಕ್ಕಳು, ಇದನ್ನು ಅವಳು ಮರೆಯಲಾರಳು, ಅವಳೂ ನಕ್ಕಳು, ಬರಲಿ ಇವತ್ತು ಅಂದಳು, ಗಡಿಯಾರ ನೋಡಿದಳು, ಊರಿನಿಂದ ಇಲ್ಲಿಗೆ ಇಷ್ಟು ಹೊತ್ತು, ಇನ್ನೇನು, ಬೇರೆ ಬೇರೆ ಕಾರು ಬಂದವು, ಕೆಂಪು ಬಂತು, ಅವನದಲ್ಲ, ಇನ್ನೊಂದು ಕೆಂಪು, ಅವನದಲ್ಲ, ಸಾರೊ ಹೆಲ್ಮೆಟ್ಟು ಹಾಕಿಕೊಂಡ, ತೆಗೆದ, ಹಾಕಿಕೊಂಡ, ಕಪ್ಪು ಕನ್ನಡಕದ ಹೆಂಗಸು ಕನ್ನಡಕ ತೆಗೆದು ಇವಳ ಕಡೆ ನೋಡಿದಾಗ ಗೊತ್ತಾಯಿತು. ಕಾಗದದಲ್ಲಿ ಉಳಿದದ್ದು ತಣ್ಣಗಾಗಿತ್ತು.

ಊರು ದಾಟಿ ಮೂರನೇ ತಿರುವು. ಮುಂದಿನ ಚಕ್ರ ಕಿತ್ತುಕೊಂಡು ಹೋಗಿ ಕಾರು ಆಲಿವ್ ತೋಪಿಗೆ ಬಿತ್ತು ಅಂದರು, ಸಂಜೆ ರಸ್ತೆ ತೆರೆದ ಮೇಲೆ ಕಾರನ್ನು ಲಾರಿಯಲ್ಲಿ ಮನೆ ಮುಂದೆ ತಂದು ನಿಲ್ಲಿಸಿದರು, ಮೇಲೆ ಮುಚ್ಚಿದ್ದ ಟಾರ್ಪಾಲು ಅವಳೇ ಎಳೆದಳು, ಬೇಡ ಅಂದರೂ ಎಳೆದಳು, ಎಡ ಮಗ್ಗುಲೆಲ್ಲ ನಜ್ಜುಗುಜ್ಜು, ಬಲ ಮಗ್ಗುಲು ಹಾಗೆಯೇ ಇತ್ತು, ಈಗಷ್ಟೇ ಒರೆಸಿದ ಹಾಗೆ, ಅದರ ಹಿಂಭಾಗದ ತುಂಬ ಕೈಗುರುತು, ಸುಣ್ಣದ್ದು, ಹಳ್ಳಕ್ಕೆ ಇಳಿಯುವಾಗ ಕಾರು ಬಕೇಟಿಗೆ ಹೊಡೆದು ಸುಣ್ಣ ಚೆಲ್ಲಿತ್ತಂತೆ, ಎತ್ತಿದವರ ಕೈಯೆಲ್ಲ ಅದೇ, ಊರಿಗೆ ಊರೇ ಅಲ್ಲಿ ಕೈ ಒತ್ತಿತ್ತು, ದೊಡ್ಡ ಕೈ, ಸಣ್ಣ ಕೈ, ಮೆಲೊನ ನೀಳ ಬೆರಳು, ಮತ್ತೆ ಅದು, ಬೇರೆಯಾಗಿ, ಬಲಗಡೆಯ ಹೆಡ್‌ಲೈಟಿನ ಮಗ್ಗುಲಲ್ಲಿ, ಅಂಗೈ, ಹೆಬ್ಬೆರಳು, ಆಮೇಲೆ ಖಾಲಿ, ಆಮೇಲೆ ಮೂರು ಬೆರಳು, ಕೆಂಪಿನ ಮೇಲೆ ಬಿಳಿ, ಕೆಳಗೆ ಉದ್ದಕ್ಕೆ ಎಳೆದ ಗೀರು. ಆ ಕೈಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು, ಅದೇ ಕೈ ಹಿಡಿದು ನಡೆಯಲು ಕಲಿತವಳು, ಆ ಖಾಲಿ ಜಾಗದಲ್ಲಿ ತನ್ನ ಪುಟ್ಟ ಬೆರಳು ತೂರಿಸಿ ಆಡಿದವಳು. ಅಪ್ಪ ಬಾಗಿಲಲ್ಲಿ ನಿಂತಿದ್ದ, ನೀನೂ ತಳ್ಳಿದೆಯಾ ಅಂತ ಕೇಳಿದಳು, ಅವನು ತನ್ನ ಕೈ ನೋಡಿಕೊಂಡ, ಹೂಂ ಮಗಳೇ, ತಳ್ಳಿದೆ ಅಂದ, ಕೈ ಜೇಬಿಗೆ ಇಳಿಸಿದ. ಅದೇ ಕೊನೆಯ ಮಾತು. ಮುರಿದ ಚಕ್ರದ ಮೇಲೆ ಕೂರಿಸಿ ಕಳಿಸಿದಿರಲ್ಲ ಎಲ್ಲರೂ ಸೇರಿ, ಪುಣ್ಯ ಮುಂದಿನೂರಿಗೆ ಹೋಗಬಾರದು ಅಂತ, ನೀನು ಗಾರೆಯವನು, ನೆಟ್ಟಗಿದೆಯೋ ವಾಲಿದೆಯೋ ಅಂತ ಕಣ್ಣಳತೆಯಲ್ಲೇ ಹೇಳುವವನು, ನಿನಗೂ ಕಾಣಲಿಲ್ಲವಾ, ಇದನ್ನೆಲ್ಲ ಅವಳು ಹೇಳಲಿಲ್ಲ, ವರ್ಷವಿಡೀ ಮನಸ್ಸಿನಲ್ಲೇ ಹೇಳಿದಳು, ಹಿಟ್ಟು ನಾದುವಾಗ, ನೀರು ಸೇದುವಾಗ. ಊರಿನವರು ಬಾಗಿಲಿಗೆ ಬ್ರೆಡ್ಡು ಇಟ್ಟು ಹೋಗುತ್ತಿದ್ದರು, ಎದುರು ಸಿಕ್ಕರೆ ಕಣ್ಣು ತಪ್ಪಿಸುತ್ತಿದ್ದರು, ಮೆಲೊ ಒಂದು ದಿನ ಏನೋ ಹೇಳಲು ಬಾಯಿ ತೆರೆದ, ಅಪ್ಪ ದೂರದಿಂದ ನೋಡಿದ, ಮೆಲೊ ಟೊಪ್ಪಿ ಸರಿಮಾಡಿಕೊಂಡು ಹೋದ, ಎಲ್ಲರೂ ಒಂದೇ, ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಾರೆ ಅಂದುಕೊಂಡಳು. ನಾಳೆ ಬಸ್ಸು. ಕಣ್ಣು ಮುಚ್ಚಿದರೆ ಹೆಡ್‌ಲೈಟಿನ ಮಗ್ಗುಲು, ಆ ಕೈ.

ತಟ್ಟೆ ನಡುಗಿತು, ಈ ಸಲ ಬಹಳ, ಆಮೇಲೆ ಟೈರು ಕಿರುಚಿದ ಸದ್ದು, ಕಲ್ಲು ಸಿಡಿದ ಸದ್ದು, ಆಮೇಲೆ ಏನೂ ಇಲ್ಲ. ಅವಳು ಮಂಚದಿಂದ ಎದ್ದಿದ್ದಾಳೆ, ಯಾವಾಗ ಎದ್ದಳೋ, ಹಣೆ ಕದಕ್ಕೆ ಒತ್ತಿದೆ, ಸೀಳಿನಲ್ಲಿ ಕಣ್ಣಿದೆ. ಅದೇ ಹಳ್ಳ, ಹಿಂದಿನ ಚಕ್ರಗಳೆರಡೂ ಹಳ್ಳದಲ್ಲಿ, ಮೂತಿ ರಸ್ತೆಯ ಮೇಲೆ, ಬೂದು ಬಣ್ಣದ ಕಾರು, ಒಳಗಿನಿಂದ ಎದ್ದವನು ಚಿಕ್ಕ ವಯಸ್ಸಿನವನು, ಉತ್ತರದ ಕಡೆಯ ಮಾತು, ತಳ್ಳಿ, ಏನ್ ನೋಡ್ತಾ ನಿಂತಿದೀರಿ, ತಳ್ಳಿ ಅನ್ನುತ್ತಿದ್ದಾನೆ, ಎಲ್ಲ ಕಡೆಯಿಂದ ಗಂಡಸರು ಓಡಿ ಬಂದರು, ಬಂದು ನಿಂತರು, ಮೆಲೊ ಅಭ್ಯಾಸಬಲದಿಂದ ಬಗ್ಗಿ, ಏನ್ ಸ್ವಾಮಿ, ಹೊಲ ಅಂದವನು ಅಲ್ಲಿಗೇ ನಿಲ್ಲಿಸಿದ, ಯಾರೂ ಕೈ ಹಚ್ಚುತ್ತಿಲ್ಲ, ಎಲ್ಲರೂ ಅಪ್ಪನ ಕಡೆ ನೋಡುತ್ತಿದ್ದಾರೆ. ತಳ್ಳು, ತಳ್ಳು ಮತ್ತೆ, ಅಭ್ಯಾಸ ಇದೆಯಲ್ಲ ಅಂದುಕೊಂಡಳು. ಅಪ್ಪ ಕುರ್ಚಿಯಿಂದ ಎದ್ದ, ಎಷ್ಟು ಮುದುಕನಾಗಿದ್ದಾನೆ, ಬೆನ್ನು ಇಷ್ಟು ಬಾಗಿತ್ತಾ, ಜೇಬಿನಿಂದ ಕೈ ತೆಗೆದ, ಹಿಂದಕ್ಕೆ ಹೋಗಲಿಲ್ಲ, ಮುಂದಿನ ಚಕ್ರದ ಬಳಿ ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ, ಎದ್ದು ನಿಂತ, ಅಲ್ಲಾಡ್ತಿದೆ ಅಂದ. ನಂಗೊತ್ತು ಅಜ್ಜ, ಸ್ವಲ್ಪ ತಾನೆ, ಕೆಳಗೆ ಹೋಗಿ ಬಿಗಿ ಮಾಡಿಸ್ಕೋತೀನಿ, ಅಲ್ಲಿ ನಮ್ಮೋರು ಕಾಯ್ತಿದಾರೆ, ಹುಡುಗ ಸೀಟಿನಲ್ಲಿ ಕೂತು ಇಂಜಿನ್ನು ಚಾಲೂ ಮಾಡಲು ನೋಡುತ್ತಿದ್ದಾನೆ, ಅದು ಕೆಮ್ಮಿ ಆರಿತು, ಹಾಗೆ ಆರಿದ್ದರಿಂದಲೇ ಅಪ್ಪನ ಮಾತು ಮೇಲಿನವರೆಗೂ ಕೇಳಿಸಿತು, ಸಣ್ಣ ಮಾತು, ಯಾರಿಗೂ ಹೇಳಿದ್ದಲ್ಲ ಅನ್ನುವ ಹಾಗೆ, ನನ್ನ ಅಳಿಯನೂ ಹೀಗೇ ಅಂದ ಕಣಪ್ಪ, ಹೋದ ವರ್ಷ, ಇದೇ ಹಳ್ಳ, ಚಕ್ರ ಅಲ್ಲಾಡ್ತಿದೆ, ಇಳಿ ಅಂದೆ, ನುನ್ಸಿಯಾ ಗಡಿಯಾರ ಹಿಡ್ಕೊಂಡು ಕೂತಿದಾಳೆ ಮಾವ, ತಡ ಆದ್ರೆ ಸೀಟು ಸಾರೊಗೆ ಕೊಡ್ತಾಳಂತೆ, ಬಿಡಿ ಅಂತ ನಕ್ಕ, ಹಿಂದೆ ಇವರೆಲ್ಲ ತಳ್ತಾ ಇದ್ರು, ಸದ್ದಲ್ಲಿ ನಾನು ಕೂಗಿದ್ದು ಇವರಿಗೆ ಕೇಳಲಿಲ್ಲ, ಮುಂದೆ ನಿಂತು ಮೂತಿ ಹಿಡ್ಕೊಂಡೆ, ಗೇರ್ ಹಾಕ್ದ, ನಾನು ಪಕ್ಕಕ್ಕೆ ಸರಿದೆ, ಸರೀಬಾರದಾಗಿತ್ತು. ಮೆಲೊ ಅವನ ತೋಳು ಹಿಡಿದು, ಮಾಸ್ತ್ರೊ ಬಿಯಾಜೊ, ಮೆಲ್ಲಗೆ, ಮನೆ ಹತ್ರ ಇದೀವಿ ಅಂದ. ಅವಳು ಚರ್ಚಲ್ಲಿದಾಳೆ, ಅಪ್ಪ ಅಂದ, ಅವಳ ಕಿವಿಗೆ ಮಾತ್ರ ಬೀಳಬಾರದು ನೋಡ್ರಪ್ಪ, ತನ್ನ ಮಾತಿಗೇ ಅವನು ಹೋದ ಅಂತ ಗೊತ್ತಾದ್ರೆ ನನ್ನ ಮಗಳು ಉಳಿಯಲ್ಲ, ನನ್ನ ಬೈಕೊಂಡೇ ಇರ್ಲಿ, ನಾನು ತಡ್ಕೋತೀನಿ. ಹುಡುಗ ಏನೋ ಅಂದ, ಬೈದನೋ ಬೇಡಿಕೊಂಡನೋ, ಇಂಜಿನ್ನು ಹತ್ತಿಕೊಂಡಿತು, ಗದರಿತು, ಅಪ್ಪ ಹೋಗಿ ಮೂತಿಯ ಮುಂದೆ ನಿಂತ, ಎರಡೂ ಕೈ ಅದರ ಮೇಲಿಟ್ಟ, ಈ ಸಲ ಸರಿಯಲಿಲ್ಲ, ಸದ್ದು ಏರಿತು, ಗೋಡೆ ಅದುರಿತು, ಅಪ್ಪನ ತೋಳು ಅದುರಿತು, ಸರಿಯಲಿಲ್ಲ, ಕೊನೆಗೆ ಹುಡುಗನೇ ಇಂಜಿನ್ನು ಆರಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟ.

ಕದ ತೆರೆಯಬೇಕು, ಕೆಳಗೆ ಹೋಗಬೇಕು, ಅಪ್ಪಾ ಅನ್ನಬೇಕು, ಆ ಪದಕ್ಕೆ ಬಾಯಿ ಹೇಗೆ ತೆರೆಯುವುದು, ವರ್ಷವಾಯಿತು, ಮತ್ತೆ ಇಳಿದು ಹೋದರೆ ಗೊತ್ತಾಗುತ್ತದೆ ಅವನಿಗೆ, ಕೇಳಿಸಿಕೊಂಡಳು ಅಂತ, ವರ್ಷವಿಡೀ ಅವನು ಹೊತ್ತದ್ದೆಲ್ಲ ನೀರಿನಲ್ಲಿ ಹೋಮ, ಹೋಗದಿದ್ದರೆ, ಹೋಗದೆ ನಾಳೆ ಬಸ್ಸು ಹತ್ತಿದರೆ, ಇಲ್ಲ, ಲಿಬೋರಿಯೊ, ತಮಾಷೆಗೆ ಹೇಳಿದ್ದು ಕಣೋ, ತಡವಾಗಿ ಬಂದಿದ್ದರೆ ಏನಾಗುತ್ತಿತ್ತು, ನಡೆದುಕೊಂಡು ಬಂದಿದ್ದರೆ ಏನಾಗುತ್ತಿತ್ತು, ಕಾಯುತ್ತಿದ್ದೆನಲ್ಲ, ಸಂಜೆಯವರೆಗೆ ಕಾಯುತ್ತಿದ್ದೆ, ಈಗಲೂ, ಕೈ ಕದದ ಮೇಲಿದೆ, ಒತ್ತುತ್ತಿಲ್ಲ, ತಳ್ಳುವವನು ಮೂತಿಯ ಬಳಿ ಏಕೆ ನಿಲ್ಲುತ್ತಾನೆ, ಇದೊಂದು ಮಾತು ಅವಳಿಗೆ ಹೊಳೆಯಲಿಲ್ಲ, ಟಾರ್ಪಾಲು ಎಳೆದ ಸಂಜೆ ಹೊಳೆಯಲಿಲ್ಲ, ಆಮೇಲೆ ಒಂದು ರಾತ್ರಿಯೂ ಹೊಳೆಯಲಿಲ್ಲ, ಎಲ್ಲರ ಕೈಯೂ ಹಿಂದೆ, ಆ ಒಂದು ಕೈ ಮಾತ್ರ ಮುಂದೆ, ಹೆಡ್‌ಲೈಟಿನ ಮಗ್ಗುಲಲ್ಲಿ, ಕೆಂಪಿನ ಮೇಲೆ ಬಿಳಿ, ಅಂಗೈ ಗಟ್ಟಿಯಾಗಿ ಒತ್ತಿದೆ, ಬೆರಳ ತುದಿಗಳು ಗಾಜಿನ ಕಡೆಗಿವೆ, ಗಾಜಿನ ಹಿಂದೆ ನಗುತ್ತ ಕೂತವನ ಕಡೆಗೆ, ಹೆಬ್ಬೆರಳು, ಖಾಲಿ, ಮೂರು ಬೆರಳು, ಮತ್ತು ಗೀರು, ಜಾರಿದ ಗೀರು, ಬಿಡಲಾರದೆ ಬಿಟ್ಟ ಗೀರು, ಹೆಬ್ಬೆರಳು, ಖಾಲಿ, ಮೂರು ಬೆರಳು, ಗೀರು